ಮಸುಕಾದ ಫೋಟೊವನ್ನು ಎಡಿಟಿಂಗ್ ಉಳಿಸದು

ಕಾಲೇಜಿನಲ್ಲಿ ಯಾವ ಕಾರ್ಯಕ್ರಮ ಮುಗಿದರೂ ಅರ್ಧ ಗಂಟೆಯೊಳಗೆ ತರಗತಿಯ ವಾಟ್ಸ್‌ಆ್ಯಪ್ ಗ್ರೂಪಿಗೆ ಫೋಟೊಗಳ ರಾಶಿ ಬಂದು ಬೀಳುತ್ತದೆ. ಅದರಲ್ಲಿ ಅಚ್ಚಿಗೆ ಕೊಡಬಹುದಾದವು ಹುಡುಕಿದರೆ ನಾಲ್ಕೈದು ಸಿಗುವುದೂ ಕಷ್ಟ. ಕೆಲವು ಕೈ ಅಲುಗಿ ಮಸುಕಾಗಿರುತ್ತವೆ. ಕೆಲವದರಲ್ಲಿ ಭಾಷಣ ಮಾಡುವವರ ಮುಖಕ್ಕಿಂತ ಹಿಂದಿನ ಬ್ಯಾನರ್ ಚೆನ್ನಾಗಿ ಕಾಣುತ್ತದೆ. ಉಳಿದವಕ್ಕೆ ಎಷ್ಟು ಫಿಲ್ಟರ್ ಹಾಕಿರುತ್ತಾರೆಂದರೆ, ದಿನವೂ ಪಕ್ಕದಲ್ಲಿ ಕೂರುವ ಗೆಳೆಯನನ್ನೇ ಗುರುತಿಸಲು ಆಗುವುದಿಲ್ಲ.

ಇದಕ್ಕೆ ನಾವು ಕೊಡುವ ಕಾರಣಗಳು ಎರಡು. "ಒಳ್ಳೆಯ ಕ್ಯಾಮರಾ ಇಲ್ಲ" ಎಂಬುದು ಒಂದು. "ಎಡಿಟಿಂಗ್‌ನಲ್ಲಿ ಸರಿ ಮಾಡೋಣ ಬಿಡು" ಎಂಬುದು ಇನ್ನೊಂದು. ನನ್ನ ಅಭಿಪ್ರಾಯದಲ್ಲಿ ಎರಡೂ ಸರಿಯಲ್ಲ. ನಮ್ಮಲ್ಲಿ ಬಹುತೇಕರ ಮನೆಯಲ್ಲಿರುವ ಸಾಧಾರಣ ಮೊಬೈಲ್ ಕೂಡ ಅಚ್ಚಿಗೆ ಸಾಕಾಗುವಷ್ಟು ಸ್ಪಷ್ಟ ಚಿತ್ರ ಕೊಡುತ್ತದೆ. ಆ ಸ್ಪಷ್ಟತೆ ಬಟನ್ ಒತ್ತುವ ಕ್ಷಣದಲ್ಲೇ ಸಿಗಬೇಕು. ಆಗ ತಪ್ಪಿದರೆ ಆಮೇಲೆ ಯಾವ ಆ್ಯಪ್ ಕೂಡ ಅದನ್ನು ತಂದುಕೊಡುವುದಿಲ್ಲ. ತಂದುಕೊಟ್ಟಂತೆ ತೋರಿಸಿದರೆ ಅಲ್ಲಿ ಏನೋ ಸುಳ್ಳು ಸೇರಿದೆ ಎಂದೇ ಅರ್ಥ.

ಮೊದಲು ಮಸುಕು ಎಲ್ಲಿಂದ ಬರುತ್ತದೆ ಎಂದು ನೋಡೋಣ. ವೈದ್ಯರು ರೋಗ ಯಾವುದೆಂದು ತಿಳಿಯದೆ ಮದ್ದು ಬರೆಯುವುದಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿ. ಗೋಡೆ, ಕುರ್ಚಿ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ನಿಮ್ಮ ಕೈ ಅಲುಗಿದೆ. ಗೋಡೆ ಸರಿಯಾಗಿದ್ದು ಮನುಷ್ಯ ಮಾತ್ರ ಎಳೆದಂತಿದ್ದರೆ ಅವರು ಚಲಿಸಿದ್ದಾರೆ, ನಿಮ್ಮ ಶಟರ್ ವೇಗ ಸಾಲಲಿಲ್ಲ. ಮುಖ ಮಂಜಾಗಿ ಹಿಂದಿನ ಗಿಡ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಇಡೀ ಚಿತ್ರದ ಮೇಲೆ ತೆಳು ಪರದೆ ಹಾಸಿದಂತಿದ್ದು ದೀಪಗಳ ಸುತ್ತ ಬೆಳಕು ಹರಡಿದ್ದರೆ ಲೆನ್ಸ್ ಕೊಳೆಯಾಗಿದೆ.

ಕೊನೆಯದಕ್ಕೆ ಪರಿಹಾರ ಸುಲಭ. ದಿನವಿಡೀ ಜೇಬಿನಲ್ಲಿ, ಬ್ಯಾಗಿನಲ್ಲಿ ಇರುವ ಮೊಬೈಲಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಕೂತೇ ಇರುತ್ತದೆ. ಕನ್ನಡಕ ಒರೆಸುವ ಮೆತ್ತನೆಯ ಬಟ್ಟೆಯಿಂದ ಒಮ್ಮೆ ಒರೆಸಿದರೆ ಮುಗಿಯಿತು. ಮಳೆಗಾಲದಲ್ಲಿ ಎಸಿ ಇರುವ ಕೋಣೆಯಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮೇಲೆ ತೇವ ಕೂರುತ್ತದೆ. ಆಗ ಕೆಲವು ನಿಮಿಷ ಕಾಯಬೇಕು.

ಕೈ ಅಲುಗುವುದಕ್ಕೆ ಹಳೆಯ ಛಾಯಾಗ್ರಾಹಕರು ಒಂದು ಲೆಕ್ಕ ಇಟ್ಟುಕೊಂಡಿದ್ದರು. ಲೆನ್ಸಿನ ಫೋಕಲ್ ಲೆಂತ್ 50 ಮಿ.ಮೀ. ಆದರೆ ಶಟರ್ ಸೆಕೆಂಡಿನ 1/50 ಭಾಗಕ್ಕಿಂತ ಹೆಚ್ಚು ಹೊತ್ತು ತೆರೆದಿರಬಾರದು, 200 ಮಿ.ಮೀ. ಆದರೆ 1/200. ದೂರವನ್ನು ಹತ್ತಿರ ತಂದಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ ಎಂಬುದೇ ಇದರ ತಿರುಳು. ಈಗಿನ ಹಲವು ಮೊಬೈಲುಗಳಲ್ಲಿ ನಡುಕ ತಡೆಯುವ ವ್ಯವಸ್ಥೆ ಇದೆ. ಆದರೂ ಎರಡು ಕೈಯಲ್ಲಿ ಹಿಡಿಯುವುದು, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳುವುದು, ಸಾಧ್ಯವಾದರೆ ಕಂಬಕ್ಕೋ ಗೋಡೆಗೋ ಭುಜ ಒರಗಿಸುವುದು, ಉಸಿರು ಬಿಟ್ಟು ಮೆಲ್ಲಗೆ ಬಟನ್ ಒತ್ತುವುದು, ಇವು ಖರ್ಚಿಲ್ಲದ ಉಪಾಯಗಳು. ಸಂಜೆಯ ಮಂದ ಬೆಳಕಿನಲ್ಲಿ ಮೊಬೈಲನ್ನು ಪುಸ್ತಕಗಳ ನಡುವೆ ನಿಲ್ಲಿಸಿ 2 ಸೆಕೆಂಡಿನ ಟೈಮರ್ ಇಟ್ಟರೆ ಟ್ರೈಪಾಡ್ ಕೂಡ ಬೇಡ.

ಎದುರಿಗಿರುವವರು ಚಲಿಸುತ್ತಿದ್ದರೆ ನಿಮ್ಮ ಕೈ ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ. ಶಟರ್ ವೇಗವನ್ನೇ ಹೆಚ್ಚಿಸಬೇಕು. ನಡೆಯುವವರಿಗೆ 1/250, ಓಟದ ಸ್ಪರ್ಧೆಗೆ 1/500, ಕಬಡ್ಡಿಗೆ 1/1000 ಇಟ್ಟು ನೋಡಿ. ಮೊಬೈಲಿನ 'ಪ್ರೊ' ಮೋಡ್‌ನಲ್ಲಿ ಇದನ್ನು ಬದಲಿಸಬಹುದು. ವೇಗ ಹೆಚ್ಚಿದರೆ ಬೆಳಕು ಕಡಿಮೆಯಾಗುತ್ತದೆ, ಅದನ್ನು ಸರಿದೂಗಿಸಲು ಐಎಸ್‌ಒ ಏರಿಸಬೇಕು. ಐಎಸ್‌ಒ ಏರಿದರೆ ಚಿತ್ರದಲ್ಲಿ ಮರಳಿನ ಕಾಳಿನಂತಹ ಚುಕ್ಕೆಗಳು ಬರುತ್ತವೆ ಎಂದು ಹಲವರು ಹೆದರುತ್ತಾರೆ. ಹೆದರಬೇಕಾಗಿಲ್ಲ. ಚುಕ್ಕೆಗಳಿರುವ ಸ್ಪಷ್ಟ ಚಿತ್ರವನ್ನು ಅಚ್ಚು ಹಾಕಬಹುದು, ನುಣುಪಾಗಿ ಮಸುಕಾದ ಚಿತ್ರದಿಂದ ಯಾರಿಗೂ ಪ್ರಯೋಜನವಿಲ್ಲ.

ಸಭಾಂಗಣದಲ್ಲಿ ತೆಗೆದ ಫೋಟೊಗಳಲ್ಲಿ ಕೆಲವೊಮ್ಮೆ ಅಡ್ಡಡ್ಡ ಕಪ್ಪು ಪಟ್ಟಿಗಳು ಕಾಣುತ್ತವೆ. ಅದು ಮೊಬೈಲಿನ ದೋಷವಲ್ಲ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದ್ದು. ಆದ್ದರಿಂದ ಹಳೆಯ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಅಲ್ಲಿ ಶಟರ್ ವೇಗವನ್ನು 1/100 ಅಥವಾ 1/50ಕ್ಕೆ ಇಟ್ಟರೆ ಪಟ್ಟಿಗಳು ಹೋಗುತ್ತವೆ. ವಿಜ್ಞಾನ ವಿಭಾಗದವರು ಪರ್ಯಾಯ ವಿದ್ಯುತ್‌ನ ಪಾಠವನ್ನು ಇಲ್ಲಿ ಕಣ್ಣಾರೆ ನೋಡಬಹುದು.

ಬೆಳಕಿನ ಪಾಠವೂ ಅಷ್ಟೇ. ಸುಮಾರು ಸಾವಿರ ವರ್ಷಗಳ ಹಿಂದೆ, ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಕೆಲಸ ಮಾಡಿದ ವಿಜ್ಞಾನಿ ಇಬ್ನುಲ್ ಹೈಸಮ್ ಕತ್ತಲ ಕೋಣೆಯೊಳಗೆ ರಂಧ್ರದ ಮೂಲಕ ಬರುವ ಬೆಳಕನ್ನು ಅಧ್ಯಯನ ಮಾಡಿದರು. ಗ್ರಹಣ ಹಿಡಿದ ಸೂರ್ಯನ ಬೆಳಕು ಸಣ್ಣ ರಂಧ್ರದಿಂದ ಬಂದರೆ ಎದುರಿನ ಗೋಡೆಯ ಮೇಲೆ ಕುಡುಗೋಲಿನಾಕಾರ ಮೂಡುತ್ತದೆ, ರಂಧ್ರ ದೊಡ್ಡದಾದರೆ ಆ ಆಕಾರ ಅಳಿದುಹೋಗುತ್ತದೆ ಎಂದು ವಿವರಿಸಿದವರು ಅವರು. ಅವರ 'ಕಿತಾಬುಲ್ ಮನಾಝಿರ್' ಗ್ರಂಥದ ಸಾವಿರ ವರ್ಷಗಳನ್ನು 2015ರ ಅಂತಾರಾಷ್ಟ್ರೀಯ ಬೆಳಕಿನ ವರ್ಷದಲ್ಲಿ ಜಗತ್ತು ನೆನೆಯಿತು. ಕ್ಯಾಮರಾದ ಅಪರ್ಚರ್‌ನಲ್ಲೂ ಇದೇ ತತ್ವದ ಗುರುತು ಇದೆ. ಡಿಎಸ್‌ಎಲ್‌ಆರ್ ಇರುವವರು ಅಪರ್ಚರನ್ನು ಎಫ್/5.6ರಿಂದ ಎಫ್/8ರ ನಡುವೆ ಇಟ್ಟರೆ ಮುಂದಿನ ಸಾಲು, ಹಿಂದಿನ ಸಾಲು ಎರಡೂ ಸ್ಪಷ್ಟವಾಗುವ ಸಾಧ್ಯತೆ ಹೆಚ್ಚು. ಹಾಗೆಂದು ಎಫ್/22ರವರೆಗೆ ಕಿರಿದು ಮಾಡಬೇಡಿ. ತೀರ ಸಣ್ಣ ರಂಧ್ರದಲ್ಲಿ ಬೆಳಕು ಬಾಗಿ ಹರಡಿ ಮತ್ತೆ ಮಸುಕು ಬರುತ್ತದೆ. ಹೆಚ್ಚಿನ ಮೊಬೈಲುಗಳಲ್ಲಿ ಅಪರ್ಚರ್ ಬದಲಿಸಲು ಬರುವುದಿಲ್ಲ. ಅಲ್ಲಿ ನಮ್ಮ ಕೈಯಲ್ಲಿರುವುದು ಫೋಕಸ್ ಮಾತ್ರ. ಪರದೆಯ ಮೇಲೆ ಮುಖದ ಜಾಗದಲ್ಲಿ, ಅದರಲ್ಲೂ ಕಣ್ಣಿನ ಮೇಲೆ ಬೆರಳಿಡಿ. ಹಲವು ಮೊಬೈಲುಗಳಲ್ಲಿ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಫೋಕಸ್ ಅಲ್ಲೇ ನಿಲ್ಲುತ್ತದೆ.

ಇನ್ನು ಝೂಮ್. ಎರಡು ಬೆರಳಿನಿಂದ ಪರದೆ ಹಿಗ್ಗಿಸಿ ತೆಗೆಯುವುದೆಂದರೆ, ಬಹುತೇಕ ಮೊಬೈಲುಗಳಲ್ಲಿ, ಇರುವ ಚಿತ್ರದ ಮಧ್ಯಭಾಗವನ್ನು ಕತ್ತರಿಸಿ ದೊಡ್ಡದು ಮಾಡುವುದಷ್ಟೇ. ನಾಲ್ಕು ಹೆಜ್ಜೆ ಮುಂದೆ ಹೋಗುವುದೇ ಒಳ್ಳೆಯ ಝೂಮ್. ಸಾಹಿತಿ ಪೂರ್ಣಚಂದ್ರ ತೇಜಸ್ವಿ ಬರವಣಿಗೆಯ ಜತೆಗೆ ಮೂಡಿಗೆರೆಯ ಕಾಡು ತೋಟಗಳಲ್ಲಿ ಹಕ್ಕಿಗಳ ಫೋಟೊ ತೆಗೆದವರು. ಹಕ್ಕಿಗೆ "ಸ್ವಲ್ಪ ನಿಲ್ಲು" ಎನ್ನಲು ಬರುವುದಿಲ್ಲ. ಅದರ ಓಡಾಟ ತಿಳಿದುಕೊಂಡು ಹತ್ತಿರವಾಗುವ ತಾಳ್ಮೆಯೇ ಅಂಥ ಫೋಟೊಗಳ ಹಿಂದಿನ ಕೆಲಸ.

ಈಗ ಎಡಿಟಿಂಗ್. ಇದು ಬೇಡ ಎಂದು ನಾನು ಹೇಳುತ್ತಿಲ್ಲ. ಕ್ಯಾಮರಾ ಕಣ್ಣಿನಷ್ಟು ಜಾಣ ಅಲ್ಲ. ಹಸಿರು ಶಾಮಿಯಾನದ ಕೆಳಗೆ ನಿಂತವರ ಮುಖವನ್ನು ಅದು ಹಸಿರಾಗಿಯೇ ತೋರಿಸುತ್ತದೆ, ನಮ್ಮ ಕಣ್ಣಿಗೆ ಹಾಗೆ ಕಂಡಿರುವುದಿಲ್ಲ. ಅದನ್ನು ಸರಿಪಡಿಸುವುದು ನ್ಯಾಯವಾದ ಕೆಲಸ. ಸ್ನ್ಯಾಪ್‌ಸೀಡ್ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರಿನಲ್ಲಿ ಗಿಂಪ್, ಡಾರ್ಕ್‌ಟೇಬಲ್ ಇವೆ, ಅವಕ್ಕೂ ಹಣ ಕೊಡಬೇಕಾಗಿಲ್ಲ. ಒಂದು ಕ್ರಮ ಇಟ್ಟುಕೊಳ್ಳಿ: ಮೊದಲು ಮೂಲ ಫೋಟೊವಿನ ಪ್ರತಿಯನ್ನು ಬೇರೆ ತೆಗೆದಿಡಿ. ಬಳಿಕ ಓರೆಯಾದದ್ದನ್ನು ನೇರ ಮಾಡಿ, ಬೇಡದ ಅಂಚು ಕತ್ತರಿಸಿ. ಆಮೇಲೆ ಬೆಳಕು, ನಂತರ ಬಣ್ಣ. ಶಾರ್ಪ್‌ನೆಸ್ ಕಟ್ಟಕಡೆಗೆ.

ಶಾರ್ಪ್‌ನೆಸ್ ಹೆಚ್ಚಿಸುವುದೆಂದರೆ ಏನು? ಕಪ್ಪು ಬಿಳುಪು ಸೇರುವ ಅಂಚಿನಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳುಪನ್ನು ಇನ್ನಷ್ಟು ಬಿಳುಪು ಮಾಡುವುದು. ಅದರಿಂದ ಅಂಚು ಎದ್ದು ಕಾಣುತ್ತದೆ ಅಷ್ಟೇ, ದಾಖಲಾಗದ ವಿವರ ಹುಟ್ಟಿಕೊಳ್ಳುವುದಿಲ್ಲ. ಅಡುಗೆಗೆ ಉಪ್ಪು ಹಾಕಿದಂತೆ ಸ್ವಲ್ಪವೇ ಸಾಕು. ಹೆಚ್ಚಾದರೆ ತಲೆಯ ಸುತ್ತ ಬಿಳಿ ಗೆರೆ ಕಾಣಿಸುತ್ತದೆ, ಚರ್ಮ ಮರಳುಕಾಗದದಂತಾಗುತ್ತದೆ. ಚಿತ್ರವನ್ನು ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ನೋಡುತ್ತಾ ಎಡಿಟ್ ಮಾಡಿದರೆ ಈ ಅತಿರೇಕ ಕಣ್ಣಿಗೆ ಬೀಳುತ್ತದೆ. ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವಾಗ 'ಡಾಕ್ಯುಮೆಂಟ್' ಆಗಿ ಕಳುಹಿಸಿ. ಇಲ್ಲದಿದ್ದರೆ ಅದು ಫೋಟೊವನ್ನು ಹಿಂಡಿ ಸಣ್ಣದು ಮಾಡುತ್ತದೆ, ನಿಮ್ಮ ಶ್ರಮವೆಲ್ಲ ದಾರಿಯಲ್ಲೇ ಹಾಳು.

ಇಲ್ಲಿಯವರೆಗಿನದ್ದು ತಂತ್ರ. ಮುಂದಿನದು ನನಗೆ ಹೆಚ್ಚು ಮುಖ್ಯ ಎನಿಸುವ ವಿಷಯ.

ಅನೇಕ ಮೊಬೈಲುಗಳಲ್ಲಿ 'ಬ್ಯೂಟಿ' ಎಂಬ ಸೌಲಭ್ಯ ಇದೆ. ಕೆಲವದರಲ್ಲಿ ನಾವು ಕೇಳದೆಯೇ ಅದು ಚಾಲೂ ಆಗಿರುತ್ತದೆ. ಅದು ಚರ್ಮವನ್ನು ನುಣುಪು ಮಾಡುತ್ತದೆ, ಹಲವು ಬಾರಿ ಬೆಳ್ಳಗೂ ಮಾಡುತ್ತದೆ. ನೋಡಿ, ಇದು ಸ್ಪಷ್ಟತೆಗೂ ಶತ್ರು. ಚರ್ಮದ ಸೂಕ್ಷ್ಮ ವಿವರವನ್ನು ಒರೆಸಿ ಹಾಕಿದ ಮೇಲೆ ಶಾರ್ಪ್ ಫೋಟೊ ಎಲ್ಲಿಂದ ಬರಬೇಕು? ಅದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಗುಂಪು ಫೋಟೊದಲ್ಲಿರುವ ಕಪ್ಪು ಬಣ್ಣದ ಗೆಳತಿಯನ್ನು ಅವಳನ್ನು ಕೇಳದೆಯೇ ಬೆಳ್ಳಗೆ ಮಾಡಿ ಗ್ರೂಪಿಗೆ ಹಾಕಿದಾಗ ನಾವು ಅವಳಿಗೆ ಹೇಳುತ್ತಿರುವುದೇನು? ನೀನಿರುವ ಹಾಗೆ ಫೋಟೊಗೆ ಯೋಗ್ಯಳಲ್ಲ ಎಂದೇ ಅಲ್ಲವೇ? ಬಾಯಿಬಿಟ್ಟು ಹೇಳಲು ನಾಚುವ ಮಾತನ್ನು ನಾವು ಫಿಲ್ಟರ್ ಮೂಲಕ ಹೇಳುತ್ತಿದ್ದೇವೆ.

ಯಂತ್ರ ವಿವರ ಸೇರಿಸುವುದು ಎಷ್ಟು ದೂರ ಹೋಗಿದೆ ಎಂಬುದಕ್ಕೆ ಒಂದು ಉದಾಹರಣೆ. 2023ರ ಮಾರ್ಚ್‌ನಲ್ಲಿ ಒಬ್ಬ ಬಳಕೆದಾರ ಚಂದ್ರನ ಚಿತ್ರವನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರ್ ಪರದೆಯಲ್ಲಿಟ್ಟು, ಕತ್ತಲೆ ಕೋಣೆಯಲ್ಲಿ ಸ್ಯಾಮ್‌ಸಂಗ್ ಮೊಬೈಲಿನಿಂದ ಅದರ ಫೋಟೊ ತೆಗೆದ. ಬಂದ ಫೋಟೊದಲ್ಲಿ ಪರದೆಯ ಮೇಲೆ ಇಲ್ಲದ ಕುಳಿಗಳ ವಿವರ ಕಾಣಿಸಿತು. ಚಂದ್ರನನ್ನು ಗುರುತಿಸಿ ಕೃತಕ ಬುದ್ಧಿಮತ್ತೆಯಿಂದ ವಿವರ ಹೆಚ್ಚಿಸುತ್ತೇವೆ ಎಂದು ಕಂಪೆನಿಯೇ ಆಗ ವಿವರಿಸಿತು. ರಮಝಾನ್ ಹತ್ತಿರ ಬಂದಾಗ ಚಂದ್ರನ ಫೋಟೊಗಳು ಮೊಬೈಲಿನಿಂದ ಮೊಬೈಲಿಗೆ ಹಾರಾಡುವುದನ್ನು ಕಂಡಿರುವ ನಮಗೆ ಇದು ಬಿಡಿಸಿ ಹೇಳಬೇಕಾದ ವಿಷಯವಲ್ಲ. ಫೋಟೊ ಎಷ್ಟೇ ಶಾರ್ಪ್ ಇದ್ದರೂ ಅದು ಕಣ್ಣು ಕಂಡ ಸಾಕ್ಷಿ ಆಗದಿರಬಹುದು.

ಪತ್ರಿಕಾ ಲೋಕ ಈ ವಿಷಯದಲ್ಲಿ ಕಟ್ಟುನಿಟ್ಟು. 2006ರಲ್ಲಿ ಬೈರೂತ್ ಮೇಲಿನ ದಾಳಿಯ ಫೋಟೊದಲ್ಲಿ ಹೊಗೆಯನ್ನು ಹೆಚ್ಚಿಸಿ ತೋರಿಸಿದ್ದ ಛಾಯಾಗ್ರಾಹಕನೊಬ್ಬನ 920 ಫೋಟೊಗಳನ್ನು ರಾಯಿಟರ್ಸ್ ಸಂಸ್ಥೆ ಹಿಂತೆಗೆದುಕೊಂಡಿತು. ಬೈರೂತ್‌ನ ಜನರ ಸಂಕಟ ನಿಜವಾಗಿತ್ತು, ಹೊಗೆಯೂ ನಿಜವಾಗಿತ್ತು. ಆದರೆ ಸೇರಿಸಿದ ಒಂದಿಷ್ಟು ಹೊಗೆ, ಸತ್ಯವನ್ನೇ ನಂಬದವರ ಕೈಗೆ ಆಯುಧವಾಯಿತು. 2014ರಲ್ಲಿ ಅಸೋಸಿಯೇಟೆಡ್ ಪ್ರೆಸ್, ಸಿರಿಯಾದ ಯುದ್ಧದ ಫೋಟೊವೊಂದರ ಮೂಲೆಯಲ್ಲಿದ್ದ ವಿಡಿಯೊ ಕ್ಯಾಮರಾವನ್ನು ಅಳಿಸಿದ್ದಕ್ಕೆ ಪುಲಿಟ್ಜರ್ ಪ್ರಶಸ್ತಿ ಗೆದ್ದ ತಂಡದಲ್ಲಿದ್ದ ನಾರ್ಸಿಸೊ ಕಾಂಟ್ರೆರಾಸ್ ಅವರ ಜತೆಗಿನ ಸಂಬಂಧವನ್ನೇ ಕಡಿದುಕೊಂಡಿತು.

"ನಾವೇನು ಪತ್ರಕರ್ತರೇ? ಕಾಲೇಜಿನ ಫೋಟೊಗೆ ಇಷ್ಟೆಲ್ಲ ಯಾಕೆ?" ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ನಾವಿಲ್ಲಿ ಇರುವುದು ಎರಡೇ ವರ್ಷ. ಹತ್ತು ವರ್ಷ ಕಳೆದ ಮೇಲೆ ನಮ್ಮ ತರಗತಿ, ನಿವೃತ್ತರಾದ ಅಧ್ಯಾಪಕರು, ಗೇಟಿನ ಬಳಿ ಕೂರುತ್ತಿದ್ದ ವಾಚ್‌ಮನ್ ಕಾಕ, ಇವರೆಲ್ಲ ಉಳಿಯುವುದು ಇಂದಿನ ಫೋಟೊಗಳಲ್ಲಿ. ಆಗ ನೋಡುವವರಿಗೆ ನಮ್ಮ ಮುಖಗಳೇ ಬೇಕು, ಆ್ಯಪ್ ತಯಾರಿಸಿದ ಮುಖಗಳಲ್ಲ. ಹಾಗೆಯೇ, ಫೋಟೊ ಸ್ಪಷ್ಟವಾದಷ್ಟೂ ಅದರಲ್ಲಿರುವವರ ಗುರುತೂ ಸ್ಪಷ್ಟವಾಗುತ್ತದೆ. ತಮ್ಮ ಫೋಟೊ ಊರೆಲ್ಲ ತಿರುಗುವುದು ಕೆಲವರಿಗೆ ಇಷ್ಟವಿರುವುದಿಲ್ಲ. ಕ್ಯಾಮರಾ ಎತ್ತುವ ಮೊದಲು ಕೇಳುವುದು, ಬೇಡ ಎಂದವರನ್ನು ಬಿಟ್ಟುಬಿಡುವುದು ನಮ್ಮ ಕರ್ತವ್ಯ.

ಆದ್ದರಿಂದ ಈ ವಾರ್ತಾಪತ್ರದ ಸಂಪಾದಕ ಮಂಡಳಿಯ ಮುಂದೆ ನನ್ನದೊಂದು ಸಲಹೆ ಇದೆ. ಇಲ್ಲಿ ಅಚ್ಚಾಗುವ ಫೋಟೊಗಳಿಗೆ ಮೂರು ನಿಯಮ ಇರಲಿ. ಮುಖದ ಬಣ್ಣ, ಆಕಾರ ಬದಲಿಸುವ ಫಿಲ್ಟರ್ ಹಾಕಿದ ಫೋಟೊ ಸ್ವೀಕರಿಸಬಾರದು. ಫೋಟೊದಿಂದ ಯಾರನ್ನಾದರೂ, ಏನನ್ನಾದರೂ ಅಳಿಸಿದ್ದರೆ ಅಥವಾ ಸೇರಿಸಿದ್ದರೆ ಅದನ್ನು ಅಡಿಬರಹದಲ್ಲೇ ಹೇಳಬೇಕು. ಫೋಟೊದಲ್ಲಿ ಎದ್ದು ಕಾಣುವವರ ಒಪ್ಪಿಗೆ ಪಡೆದಿರಬೇಕು.

ಹೊಸದಾಗಿ ಫೋಟೊ ತೆಗೆಯುವ ಗೆಳೆಯರಿಗೆ ಒಂದು ವಾರದ ಅಭ್ಯಾಸ ಸೂಚಿಸುತ್ತೇನೆ. ದಿನಕ್ಕೆ ಒಬ್ಬರಂತೆ ಮನೆಯವರ ಫೋಟೊ ತೆಗೆಯಿರಿ. ಲೆನ್ಸ್ ಒರೆಸಿ, ಬ್ಯೂಟಿ ಮೋಡ್ ಆಫ್ ಮಾಡಿ, ಅವರನ್ನು ಕಿಟಕಿಯ ಪಕ್ಕ ಕೂರಿಸಿ, ಕಣ್ಣಿಗೆ ಫೋಕಸ್ ಇಟ್ಟು, ಉಸಿರು ಬಿಟ್ಟು ಬಟನ್ ಒತ್ತಿ. ಯಾವ ಎಡಿಟಿಂಗೂ ಬೇಡ. ಏಳನೆಯ ದಿನ ಏಳನ್ನೂ ಹಿಗ್ಗಿಸಿ ನೋಡಿ. ಎಲ್ಲಕ್ಕಿಂತ ಸ್ಪಷ್ಟವಾದದ್ದನ್ನು ಮುಂದಿನ ಸಂಚಿಕೆಗೆ, ಮನೆಯವರ ಒಪ್ಪಿಗೆ ಪಡೆದು, ಡಾಕ್ಯುಮೆಂಟ್ ಆಗಿಯೇ ಕಳುಹಿಸಿಕೊಡಿ.