ನುಡಿಯ ಅಧ್ಯಯನ ಮತ್ತು ಹೊರನಾಡು

“ದೇಶ ಸುತ್ತು, ಕೋಶ ಓದು” ಎಂಬುದು ಕನ್ನಡಿಗರ ಹಳೆಯ ಗಾದೆ. ಪ್ರವಾಸ, ಅಧ್ಯಯನಗಳೆರಡೂ ಮನುಷ್ಯನ ಅರಿವನ್ನು ಹಿಗ್ಗಿಸುತ್ತವೆಂಬುದು ಅದರ ತಾತ್ಪರ್ಯ. ವೈದ್ಯಶಾಸ್ತ್ರಕ್ಕಾಗಿಯೋ ಯಂತ್ರಶಾಸ್ತ್ರಕ್ಕಾಗಿಯೋ ತರುಣನೊಬ್ಬನು ಹೊರದೇಶಕ್ಕೆ ಹೊರಟರೆ ಊರವರು ಸಂತೋಷದಿಂದ ಬೀಳ್ಕೊಡುತ್ತಾರೆ. ಆದರೆ ಬಳ್ಳಾರಿಗೆ ಸಮೀಪದ ಕೊಳಗಲ್ಲಿನಂತಹ ಗ್ರಾಮದ ವಿದ್ಯಾರ್ಥಿಯು ಭಾಷಾವಿಜ್ಞಾನದಲ್ಲಿ ಪದವಿ ಪಡೆಯಲು ಕಡಲಾಚೆಗೆ ಹೋಗುವೆನೆಂದರೆ ಹಿರಿಯರು ಅಚ್ಚರಿಪಡದೆ ಇರಲಾರರು. “ಮಾತು ಕಲಿಯಲು ಅಷ್ಟು ದೂರ ಹೋಗಬೇಕೇನಪ್ಪ?” ಎಂದು ಕೇಳಿಯಾರು. ಈ ಪ್ರಶ್ನೆಯನ್ನು ಅಜ್ಞಾನದ ಮಾತೆಂದು ತಳ್ಳಿಹಾಕಬಾರದು. ಅದಕ್ಕೆ ತಕ್ಕ ಉತ್ತರ ಕೊಡಬಲ್ಲವನೇ ಹೊರಡಲು ಅರ್ಹನು.

ಭಾಷಾವಿಜ್ಞಾನವೆಂದರೆ ಹಲವು ಭಾಷೆಗಳನ್ನು ಮಾತನಾಡಲು ಕಲಿಯುವ ವಿದ್ಯೆಯಲ್ಲ. ಮನುಷ್ಯರ ಮಾತು ಹೇಗೆ ಕಟ್ಟಲ್ಪಟ್ಟಿದೆ, ಹೇಗೆ ಬದಲಾಗುತ್ತದೆ ಎಂಬುದನ್ನು ಪರೀಕ್ಷಿಸುವ ಶಾಸ್ತ್ರವದು. ‘ಹಲ್ಲಿ’ ಮತ್ತು ‘ಹಳ್ಳಿ’ ಎಂಬ ಮಾತುಗಳ ಭೇದವನ್ನು ಕನ್ನಡದ ಮಗು ಎಳವೆಯಲ್ಲಿಯೇ ಅರಿಯುತ್ತದೆ. ಆ ಎರಡು ಧ್ವನಿಗಳನ್ನು ನುಡಿಯುವಾಗ ನಾಲಿಗೆ ಎಲ್ಲೆಲ್ಲಿ ತಾಗುತ್ತದೆಂದು ವಿಚಾರಿಸಿದಾಗ ಶಾಸ್ತ್ರವು ಆರಂಭವಾಗುತ್ತದೆ. ‘ನನಗೆ ಹಸಿವಾಗಿದೆ’ ಎಂದು ಕನ್ನಡಿಗರು ನಿತ್ಯವೂ ಹೇಳುತ್ತಾರೆ. ಹಸಿದವನು ಈ ವಾಕ್ಯದಲ್ಲಿ ಪ್ರಥಮಾ ವಿಭಕ್ತಿಯಲ್ಲಿಲ್ಲ, ಚತುರ್ಥಿಯಲ್ಲಿದ್ದಾನೆ. ಇಂಗ್ಲಿಷಿನಲ್ಲಿ ಅವನೇ ವಾಕ್ಯದ ಕರ್ತೃ. ಎರಡನ್ನೂ ಎದುರುಬದುರಾಗಿ ಇಟ್ಟು ನೋಡುವವರೆಗೆ ಇದರಲ್ಲೊಂದು ವಿಶೇಷವಿದೆಯೆಂದೇ ತೋರುವುದಿಲ್ಲ. ಪರಭಾಷೆಯ ನಡುವೆ ನಿಂತಾಗ ಸ್ವಭಾಷೆಯ ರೂಪವು ಸ್ಪಷ್ಟವಾಗಿ ಕಾಣುತ್ತದೆ. ಹಿರಿಯರ ಪ್ರಶ್ನೆಗೆ ಇದು ಮೊದಲನೆಯ ಉತ್ತರ.

ಎರಡನೆಯ ಉತ್ತರವು ವ್ಯವಸ್ಥೆಗೆ ಸಂಬಂಧಿಸಿದ್ದು. ಕನ್ನಡ ನಾಡಿನಲ್ಲಿ ಭಾಷಾವಿಜ್ಞಾನವನ್ನು ಬಹುಮಟ್ಟಿಗೆ ಸ್ನಾತಕೋತ್ತರ ತರಗತಿಗಳಲ್ಲಿ ಕಲಿಸುತ್ತಾರೆ. ಹೊರದೇಶಗಳ ಹಲವು ವಿಶ್ವವಿದ್ಯಾಲಯಗಳಲ್ಲಿ ಪದವಿಯ ಮೊದಲ ವರ್ಷಗಳಿಂದಲೇ ಅದರ ಅಭ್ಯಾಸಕ್ಕೆ ಅವಕಾಶವಿದೆ. ಅಲ್ಲಿನ ಕೆಲವು ತರಗತಿಗಳಲ್ಲಿ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಭಾಷೆಯೊಂದನ್ನಾಡುವವರನ್ನು ಕರೆತರುತ್ತಾರೆ. ವಿದ್ಯಾರ್ಥಿಗಳು ಅವರನ್ನು ಪ್ರಶ್ನಿಸಿ, ಕೇಳಿದ್ದನ್ನು ಧ್ವನಿಲಿಪಿಯಲ್ಲಿ ಬರೆದುಕೊಂಡು, ಆ ಭಾಷೆಯ ವ್ಯಾಕರಣವನ್ನು ತಾವೇ ಕಂಡುಕೊಳ್ಳಬೇಕು. ಇಂತಹ ಶಿಕ್ಷಣವು ಕಿವಿಯನ್ನೂ ಬುದ್ಧಿಯನ್ನೂ ಏಕಕಾಲದಲ್ಲಿ ಹರಿತಗೊಳಿಸುತ್ತದೆ.

ಕನ್ನಡಿಗರಿಗೆ ಈ ದಾರಿ ಹೊಸತಲ್ಲ. ಎ.ಎನ್. ನರಸಿಂಹಯ್ಯನವರು ಲಂಡನ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಆರಿಸಿಕೊಂಡದ್ದು ಕನ್ನಡದ ಅತಿ ಪ್ರಾಚೀನ ಶಾಸನಗಳ ವ್ಯಾಕರಣವನ್ನು. ಆ ಗ್ರಂಥವು 1941ರಲ್ಲಿ ಮೈಸೂರಿನಿಂದ ಪ್ರಕಟವಾಯಿತು. ಮೈಸೂರಿನಲ್ಲಿ 1929ರಲ್ಲಿ ಜನಿಸಿದ ಎ.ಕೆ. ರಾಮಾನುಜನ್ ಅವರು ಮೊದಲು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನವನ್ನು ಅಭ್ಯಾಸ ಮಾಡಿದರು. 1959ರಲ್ಲಿ ಅಮೆರಿಕಕ್ಕೆ ತೆರಳಿ, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅವರ ಪ್ರಬಂಧದ ವಿಷಯವೂ ಕನ್ನಡದ ವ್ಯಾಕರಣವೇ. ಮುಂದೆ ಅವರು ವಚನಗಳನ್ನೂ ಜನಪದ ಕಥೆಗಳನ್ನೂ ಇಂಗ್ಲಿಷಿನಲ್ಲಿ ಜಗತ್ತಿಗೆ ಪರಿಚಯಿಸಿದರು. ಈ ಇಬ್ಬರಿಗೂ ಹೊರನಾಡು ವಿಧಾನವನ್ನು ಕೊಟ್ಟಿತು; ಅದಕ್ಕೆ ಬೇಕಾದ ವಸ್ತುವನ್ನು ಅವರು ತಾಯ್ನಾಡಿನಿಂದ ಕೊಂಡೊಯ್ದಿದ್ದರು.

ಅವರು ಪ್ರಬುದ್ಧ ವಯಸ್ಸಿನಲ್ಲಿ ಹೊರಟವರು. ಹದಿನೆಂಟರ ಹರೆಯದಲ್ಲಿ ಹೊರಡುವವನ ಸ್ಥಿತಿ ಬೇರೆ. ವಿದೇಶವಾಸದ ವೆಚ್ಚವು ಸಾಮಾನ್ಯ ರೈತಕುಟುಂಬಕ್ಕೆ ಎಟುಕುವಂಥದಲ್ಲ. ವಿದ್ಯಾರ್ಥಿವೇತನ ದೊರೆಯುವ ಮುನ್ನ ಹೊಲವನ್ನು ಒತ್ತೆಯಿಡುವುದು ವಿವೇಕವಲ್ಲ. ಚಳಿ, ಒಂಟಿತನ, ಅಪರಿಚಿತ ಆಹಾರ ಇವನ್ನು ಕಾಲಕ್ರಮದಲ್ಲಿ ಸಹಿಸಿಕೊಳ್ಳಬಹುದು. ಇವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೊಂದಿದೆ. ಅದು ತನ್ನ ಊರಿನ ಮಾತನ್ನು ಕುರಿತು ಮನಸ್ಸಿನಲ್ಲಿ ಮೂಡುವ ನಾಚಿಕೆ. ಹಳ್ಳಿಯ ಉಚ್ಚಾರಣೆಯನ್ನು ಒರೆಸಿಹಾಕಿದರೆ ತಾನು ವಿದ್ಯಾವಂತನಾದೆನೆಂದು ತರುಣನು ಭ್ರಮಿಸುವುದುಂಟು. ಬೇರೆ ಶಾಸ್ತ್ರದವನಿಗೆ ಇದರಿಂದಾಗುವ ನಷ್ಟ ಅಲ್ಪವಿರಬಹುದು. ಭಾಷಾವಿಜ್ಞಾನಿಗಾದರೋ ಅದು ಮೂಲಧನವನ್ನೇ ಚೆಲ್ಲಿದಂತೆ.

ಆ ಮೂಲಧನ ಎಂಥದೆಂಬುದನ್ನು ಬಳ್ಳಾರಿ ಸೀಮೆಯಲ್ಲಿಯೇ ಕಾಣಬಹುದು. ಇಲ್ಲಿ ಕನ್ನಡ, ತೆಲುಗು, ಉರ್ದು, ಲಂಬಾಣಿ ನುಡಿಗಳು ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಕನ್ನಡದವನು ‘ನಾವು’ ಎಂದರೆ ಕೇಳುವವನೂ ಅದರಲ್ಲಿ ಸೇರಿರಬಹುದು, ಸೇರದೆಯೂ ಇರಬಹುದು. ತೆಲುಗಿನವನು ಕೇಳುವವನನ್ನು ಸೇರಿಸಿಕೊಂಡರೆ ‘ಮನಂ’ ಎನ್ನುತ್ತಾನೆ. ಬಿಟ್ಟರೆ ‘ಮೇಂ’ ಎನ್ನುತ್ತಾನೆ. ಅನ್ಯದೇಶದ ವಿದ್ಯಾರ್ಥಿಯು ಪುಸ್ತಕದಿಂದ ಅರಿಯುವ ಈ ಭೇದವನ್ನು ಎರಡೂ ನುಡಿಗಳನ್ನು ಬಲ್ಲ ಬಳ್ಳಾರಿಯ ಬಾಲಕನು ಓಣಿಯಲ್ಲಿಯೇ ಕಲಿತಿರುತ್ತಾನೆ.

ಈ ಸೀಮೆಯ ನುಡಿಯನ್ನು ಅರಸಿ ಹೊರಗಿನವರೂ ಬಂದದ್ದುಂಟು. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಜನರ ಮಾತನ್ನು ಕಲಿತು, ಕನ್ನಡ-ಇಂಗ್ಲಿಷ್ ನಿಘಂಟನ್ನು ರಚಿಸಿದನು. ಅದು 1832ರಲ್ಲಿ ಅಚ್ಚಾಯಿತು. ಅದಕ್ಕೂ ಬಹು ಹಿಂದೆ, ಕ್ರಿ.ಶ. 967ರಲ್ಲಿ, ಕೊಳಗಲ್ಲಿನಲ್ಲಿ ಶಾಸನವೊಂದನ್ನು ಕೆತ್ತಿಸಲಾಯಿತು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತೀರಿಕೊಂಡು ಖೊಟ್ಟಿಗನು ಪಟ್ಟವೇರಿದ ಕಾಲವನ್ನು ಇತಿಹಾಸಕಾರರು ಅದರಿಂದ ಅರಿಯುತ್ತಾರೆ. ಬಂಗಾಳದ ವರೇಂದ್ರಿ ಪ್ರದೇಶದಿಂದ ಬಂದು ಇಲ್ಲಿ ನೆಲೆಸಿದ ಗದಾಧರನೆಂಬವನ ಹೆಸರು ಅದರಲ್ಲಿದೆ. ದೂರದವರಿಗೆ ಆದರಣೀಯವಾದ ಊರು ಅಲ್ಲಿಯೇ ಹುಟ್ಟಿದವನಿಗೆ ಕ್ಷುಲ್ಲಕವಾಗಬಾರದು.

ಹಾಗೆಂದು ಹೊರಗೆ ಹೋಗದವನಿಗೆ ಈ ವಿದ್ಯೆ ಒಲಿಯದೆಂದು ಭಾವಿಸಬೇಕಾಗಿಲ್ಲ. ಜಿ.ಎಸ್. ಗಾಯಿಯವರು ಎಂಟರಿಂದ ಹತ್ತನೆಯ ಶತಮಾನದವರೆಗಿನ ಶಾಸನಗಳನ್ನು ಆಧರಿಸಿ ಬರೆದ ಹಳಗನ್ನಡದ ಐತಿಹಾಸಿಕ ವ್ಯಾಕರಣವು 1946ರಲ್ಲಿ ಪುಣೆಯಿಂದಲೇ ಹೊರಬಂದಿತು. ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯು 1969ರಿಂದ ಮೈಸೂರಿನಲ್ಲಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಬಳ್ಳಾರಿಗೆ ನೆರೆಯಲ್ಲಿಯೇ ಇದೆ. ಹಣವಿಲ್ಲದ ಪ್ರತಿಭಾವಂತನು ಎದೆಗುಂದಲು ಕಾರಣವಿಲ್ಲ.

ಆದುದರಿಂದ ಹಿರಿಯರ ಪ್ರಶ್ನೆಗೆ ವಿದ್ಯಾರ್ಥಿಯು ವಿನಯದಿಂದ ಹೀಗೆ ಉತ್ತರಿಸಬಹುದು: “ಮಾತು ಕಲಿಯಲು ಹೋಗುತ್ತಿಲ್ಲ, ತಾತ, ನೀವು ಕಲಿಸಿದ ಮಾತನ್ನು ಅರಿಯುವ ಬಗೆಯನ್ನು ಕಲಿಯಲು ಹೋಗುತ್ತಿದ್ದೇನೆ.” ಹೀಗೆ ಹೇಳಿ ಹೊರಡುವವನು ಪ್ರಯಾಣಕ್ಕೆ ಮೊದಲೇ ಅಜ್ಜಿಯ ಗಾದೆಗಳನ್ನೂ ಒಕ್ಕಲಿಗರ ಉಪಕರಣಗಳ ಹೆಸರುಗಳನ್ನೂ ಒಂದು ಪುಸ್ತಕದಲ್ಲಿ ಬರೆದುಕೊಳ್ಳಲಿ. ದೂರದ ತರಗತಿಯಲ್ಲಿ ಅಧ್ಯಾಪಕರು ಅವನ ಭಾಷೆಯ ವಿಷಯವನ್ನು ಕೇಳಿದ ದಿನ ಆ ಪುಸ್ತಕವೇ ಅವನಿಗೆ ಒದಗಿಬರುತ್ತದೆ.