ಪ್ರಶ್ನೆಪತ್ರಿಕೆ ಇಲ್ಲದ ಆಟ

ನಮ್ಮ ಕಡೆ ‘ಗೇಮ್’ ಎಂಬ ಪದಕ್ಕೆ ಈಗ ಒಂದೇ ಅರ್ಥ ಉಳಿದಿದೆ, ದುಡ್ಡು ಕಳೆದುಕೊಳ್ಳುವುದು. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಲ್ಲೇ ಹೋಗಿ, ರಮ್ಮಿ ಆ್ಯಪ್‌ನಲ್ಲೋ ಕ್ರಿಕೆಟ್ ಬೆಟ್ಟಿಂಗ್‌ನಲ್ಲೋ ಕೈ ಸುಟ್ಟುಕೊಂಡ ಹುಡುಗ ಓಣಿಗೊಬ್ಬನಾದರೂ ಸಿಗುತ್ತಾನೆ. ಬೈಕ್ ಅಡವಿಟ್ಟವರು, ಅಕ್ಕನ ಮದುವೆಗೆ ಕೂಡಿಟ್ಟ ಹಣಕ್ಕೆ ಕೈ ಹಾಕಿದವರು, ದುಡಿಯಲು ಬೆಂಗಳೂರಿಗೆ ಹೋಗುತ್ತೇನೆಂದು ಹೇಳಿ ಸಾಲ ಕೊಟ್ಟವರಿಂದ ತಪ್ಪಿಸಿಕೊಂಡವರು ನನ್ನ ಪರಿಚಯದಲ್ಲೇ ಇದ್ದಾರೆ. ಹಾಗಾಗಿ ಡಿಗ್ರಿ ಮುಗಿಸಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಮನೆಯಲ್ಲಿರುವ ಮಗ ರಾತ್ರಿ ಲ್ಯಾಪ್‌ಟಾಪ್ ತೆರೆದು ಗೇಮ್ ಆಡುತ್ತಾನೆಂದರೆ ತಾಯಿಯ ಎದೆ ಧಸಕ್ಕೆನ್ನುವುದು ಸಹಜ. ಆ ಭಯವನ್ನು ನಾನು ಹಾಸ್ಯ ಮಾಡುವುದಿಲ್ಲ.

ಆದರೆ ಎಲ್ಲ ಆಟಗಳನ್ನೂ ಒಂದೇ ಚೀಲಕ್ಕೆ ತುಂಬುವುದಕ್ಕೆ ನನ್ನ ತಕರಾರಿದೆ. ಕಾನೂನೇ ಹಾಗೆ ಮಾಡಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು. ಮನರಂಜನೆಗೆ, ಕಲಿಕೆಗೆ ಆಡುವ ಆಟಗಳನ್ನು ಬೇರೆ ಎಂದೇ ಗುರುತಿಸಿತು. ಸಂಸತ್ತು ಮಾಡಿದ ಈ ವ್ಯತ್ಯಾಸ ನಮ್ಮ ಪಡಸಾಲೆಗೆ ಇನ್ನೂ ಬಂದಿಲ್ಲ, ಅಷ್ಟೆ.

ನಾನು ಹೇಳುತ್ತಿರುವುದು ಸ್ಯಾಂಡ್‌ಬಾಕ್ಸ್ ಆಟಗಳ ಬಗ್ಗೆ. ಹೆಸರು ಕೇಳಿ ಗಾಬರಿಯಾಗಬೇಡಿ. ಮನೆ ಕಟ್ಟಲು ತಂದು ಸುರಿದ ಉಸುಕಿನ ಗುಂಪಿಯಲ್ಲಿ ಕಾಲು ಹೂತು ಗುಬ್ಬಿಗೂಡು ಮಾಡಿದವರಿಗೆಲ್ಲ ಈ ಆಟ ಗೊತ್ತು. ಗೆಲುವಿಲ್ಲ, ಸೋಲಿಲ್ಲ, ಮುಗಿಯುವ ಹೊತ್ತಿಲ್ಲ. ಗುಡ್ಡ, ಹೊಳೆ, ಕಾಡು ಇರುವ ಒಂದು ಖಾಲಿ ಪ್ರಪಂಚದಲ್ಲಿ ನಿಮ್ಮನ್ನು ಬಿಡುತ್ತದೆ. ಅಗೆಯಿರಿ, ಹುಡುಕಿರಿ, ಸಿಕ್ಕಿದ್ದರಲ್ಲಿ ಕಟ್ಟಿರಿ. ಇದರಲ್ಲಿ ಜಗತ್ತೆಲ್ಲ ಬಲ್ಲ ಹೆಸರು ಮೈನ್‌ಕ್ರಾಫ್ಟ್. 2009ರಲ್ಲಿ ಸ್ವೀಡನ್ನಿನ ಮಾರ್ಕಸ್ ಪರ್ಸನ್ ಒಬ್ಬನೇ ಕೂತು ಶುರು ಮಾಡಿದ ಆಟವನ್ನು 2014ರಲ್ಲಿ ಮೈಕ್ರೋಸಾಫ್ಟ್ 250 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅದನ್ನು ಆಡಲು ನಾವೂ ದುಡ್ಡು ಕೊಡಬೇಕು. ನಾನು ಆಡುವುದು ಲುವಾಂಟಿ. 2010ರಲ್ಲಿ ಫಿನ್ಲೆಂಡಿನ ಪೆರ್ಟು ಅಹೋಲಾ ಬರೆಯಲು ತೊಡಗಿದ್ದು. ಮೊದಲ ಹೆಸರು ಮೈನ್‌ಟೆಸ್ಟ್, 2024ರ ಅಕ್ಟೋಬರ್‌ನಲ್ಲಿ ಹೆಸರು ಬದಲಾಯಿತು. ಪೂರ್ತಿ ಉಚಿತ, ಸೋರ್ಸ್ ಕೋಡ್ ಮುಕ್ತ, ಜಾಹೀರಾತಿಲ್ಲ. ನನ್ನ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ. ಅದರೊಳಗೆ ಬೇರೆ ಬೇರೆ ಆಟಗಳನ್ನು ಇಳಿಸಿಕೊಳ್ಳಬಹುದು. ನಾವು ಆರಿಸಿಕೊಂಡದ್ದು ಎಲ್ಲಕ್ಕಿಂತ ಸಾದಾ ಆದ ‘ಮೈನ್‌ಟೆಸ್ಟ್ ಗೇಮ್’.

ನಾವು ಎಂದರೆ ಮೂವರು. ನಾನು ಸಿಂಧನೂರಿನವನು, ಒಬ್ಬ ಮಸ್ಕಿಯವನು, ಇನ್ನೊಬ್ಬ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಕಡೆಯವನು. ಮೂರೂ ಒಂದೇ ಜಿಲ್ಲೆಯ ಊರುಗಳು. ರವಿವಾರ ನಮ್ಮ ರೂಮಿನಲ್ಲಿ ಸೇರಿ, ಒಂದು ಮೊಬೈಲ್‌ನ ಹಾಟ್‌ಸ್ಪಾಟ್‌ಗೆ ಮೂರು ಲ್ಯಾಪ್‌ಟಾಪ್ ಜೋಡಿಸಿ ಒಂದೇ ಪ್ರಪಂಚಕ್ಕೆ ಇಳಿಯುತ್ತೇವೆ.

ಮೊದಲು ಕೈಗೆ ಬರುವುದು ಕಟ್ಟಿಗೆಯ ಪಿಕಾಸಿ, ಆಮೇಲೆ ಕಲ್ಲಿನದು. ತಾಮ್ರ, ತವರ ಸಿಕ್ಕರೆ ಕಂಚು, ಆಮೇಲೆ ಉಕ್ಕು. ಚಿನ್ನ ಬೇಕೆಂದರೆ 256 ಬ್ಲಾಕ್ ಕೆಳಗಿಳಿಯಬೇಕು. ಒಂದು ಬ್ಲಾಕ್ ಎಂದರೆ ಒಂದು ಮೀಟರ್ ಲೆಕ್ಕ. ಅಷ್ಟು ಆಳ ಇಳಿಯುವಾಗ ಏಣಿ ಇಡಬೇಕು, ದೀಪ ಹಚ್ಚಬೇಕು, ನೀರು ನುಗ್ಗಿದರೆ ಕಟ್ಟಬೇಕು. ಹಟ್ಟಿಯ ಗೆಳೆಯನ ಮನೆಯಲ್ಲಿ ಮೂರು ತಲೆಮಾರು ಗಣಿಗೆ ಇಳಿದವರು. ಹಟ್ಟಿಯಲ್ಲಿ ಈಗಿನ ಗಣಿಗಿಂತ ಎಷ್ಟೋ ಮೊದಲೇ, ಯಂತ್ರವಿಲ್ಲದ ಕಾಲದಲ್ಲೇ ನೂರಾರು ಅಡಿ ಅಗೆದು ಚಿನ್ನ ತೆಗೆದ ಹಳೆಯ ಗುಂಡಿಗಳಿವೆ ಎಂದು ಅವನು ಚಿಕ್ಕಂದಿನಿಂದ ಕೇಳಿದ್ದ. ಆಟದ ಕತ್ತಲೆಯಲ್ಲಿ ಏಣಿಗೆ ಕಟ್ಟಿಗೆ ಮುಗಿದು ನಡುವೆ ಸಿಕ್ಕಿಬಿದ್ದ ದಿನ ಅವನು ಕೇಳಿದ ಪ್ರಶ್ನೆ: ‘ಆಗ ಅವರು ಮ್ಯಾಲೆ ಹೆಂಗ ಬರ್ತಿದ್ರಲೇ?’ ಈ ಪ್ರಶ್ನೆಯನ್ನು ಯಾವ ಪುಸ್ತಕವೂ ಅವನಿಂದ ಕೇಳಿಸಿರಲಿಲ್ಲ.

ಇಲ್ಲಿ ಮಸ್ಕಿಯ ಮಾತು ಬರಲೇಬೇಕು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಈ ಸೀಮೆಯಲ್ಲಿ ಚಿನ್ನ ಹುಡುಕುತ್ತಾ ಅಲೆಯುತ್ತಿದ್ದಾಗ ಮಸ್ಕಿಯ ಗುಡ್ಡದ ಬಂಡೆಯೊಂದರಲ್ಲಿ ಬ್ರಾಹ್ಮಿ ಅಕ್ಷರ ಕಂಡರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರೇ ಇತ್ತು. ನಾವೆಲ್ಲ ಇದನ್ನು ಬಲ್ಲೆವು. ಅಶೋಕನ ಹೆಸರಿರುವ ಶಾಸನ ಯಾವುದು, ನಾಲ್ಕು ಆಯ್ಕೆ, ಕಣ್ಣು ಮುಚ್ಚಿ ‘ಮಸ್ಕಿ’ಗೆ ಗುರುತು, ಒಂದು ಅಂಕ. ಆದರೆ ಅದನ್ನು ಕಂಡವರು ಹುಡುಕಲು ಹೊರಟದ್ದು ಬೇರೆಯದನ್ನೇ ಎಂಬುದಕ್ಕೆ ನಮ್ಮ ನೋಟ್ಸ್‌ಗಳಲ್ಲಿ ಜಾಗವಿಲ್ಲ. ನಮ್ಮ ಓದಿನಲ್ಲಿ ಪ್ರಶ್ನೆ ಯಾವಾಗಲೂ ಬೇರೆಯವರದು. ಉತ್ತರ ಮೊದಲೇ ಎಲ್ಲೋ ಅಚ್ಚಾಗಿರುತ್ತದೆ. ವರ್ಷಗಟ್ಟಲೆ ಹೀಗೆ ಓದಿದವನನ್ನು ಪ್ರಶ್ನೆಯೇ ಇಲ್ಲದ ಬಯಲಿನಲ್ಲಿ ನಿಲ್ಲಿಸಿದರೆ ಏನಾಗುತ್ತದೆ? ಆಟದ ಮೊದಲ ದಿನ ಮಸ್ಕಿಯವನು ಅರ್ಧ ತಾಸು ಸುಮ್ಮನೆ ತಿರುಗಾಡಿ, ‘ಈಗ ಏನ್ ಮಾಡ್ಬೇಕು?’ ಅಂತ ನಾಲ್ಕು ಸಲ ಕೇಳಿದ. ಅವನು ದಡ್ಡನಲ್ಲ, ನಮ್ಮಲ್ಲಿ ಅತಿ ಹೆಚ್ಚು ಓದಿಕೊಂಡವನು.

ಅವನೇ ಕಡೆಗೆ ಕೆಲಸ ಹುಡುಕಿಕೊಂಡ. ಕಾಲುವೆ ತೋಡೋಣ ಅಂದ.

ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆಯಲ್ಲಿ ಹುಟ್ಟಿದವರಿಗೆ ಇದಕ್ಕಿಂತ ಬೇರೆ ಏನು ಹೊಳೆದೀತು? 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಇಡೀ ಸಿಂಧನೂರು ಮೊಬೈಲ್ ಹಿಡಿದು ನಿದ್ದೆಗೆಟ್ಟಿತ್ತು. ಮಸ್ಕಿ ತಾಲ್ಲೂಕಿನ ಮಂದಿ ನಾರಾಯಣಪುರದ 5ಎ ಕಾಲುವೆಗಾಗಿ ಪಾಮನಕಲ್ಲೂರಿನಲ್ಲಿ ಧರಣಿ ಕೂತವರು. ಆಟದಲ್ಲಿ ಸಾದಾ ನೀರಿಗೆ ಬರವಿಲ್ಲ. ಎರಡು ಕಡೆ ನೀರು ಸುರಿದರೆ ನಡುವೆ ಮೂರನೆಯದು ತಾನೇ ಹುಟ್ಟುತ್ತದೆ. ಅದು ಮೋಸ ಎಂದು ನಾವೇ ನಿಯಮ ಮಾಡಿಕೊಂಡೆವು, ಹೊಳೆಯ ನೀರನ್ನಷ್ಟೇ ಬಳಸಬೇಕು. ಹೊಳೆ ನೀರು ಹಾಗೆ ಹುಟ್ಟುವುದಿಲ್ಲ. ಸಮತಟ್ಟಿನಲ್ಲಿ ಒಂದೆರಡು ಬ್ಲಾಕ್ ಹರಿದು ನಿಂತುಬಿಡುತ್ತದೆ. ಮುಂದೆ ಸಾಗಬೇಕಾದರೆ ಮತ್ತೆ ಮತ್ತೆ ಒಂದು ಮೆಟ್ಟಿಲು ಇಳಿಸುತ್ತ ಹೋಗಬೇಕು. ನೀರಿನಿಂದ ಮೂರು ಬ್ಲಾಕ್‌ನೊಳಗಿನ ಮಣ್ಣು ಮಾತ್ರ ತೇವವಾಗುತ್ತದೆ.

ಹೊಳೆಯ ಹತ್ತಿರ ನನ್ನ ಹೊಲ. ನನ್ನ ಅನುಕೂಲಕ್ಕೆ ಕಾಲುವೆಯನ್ನು ಎರಡು ಸುತ್ತು ತಿರುಗಿಸಿದೆ. ಮುಂದಿನವನೂ ತನಗೆ ಬೇಕಾದಂತೆ ಬಾಗಿಸಿಕೊಂಡ. ಮಸ್ಕಿಯವನ ಹೊಲದ ಹತ್ತಿರ ಬರುವಷ್ಟರಲ್ಲಿ ಕಾಲುವೆ ಅವನ ನೆಲಕ್ಕಿಂತ ಹನ್ನೊಂದು ಬ್ಲಾಕ್ ಕೆಳಗೆ ಹರಿಯುತ್ತಿತ್ತು. ನೀರು ಕಣ್ಣಿಗೆ ಕಾಣುತ್ತದೆ, ಮಣ್ಣಿಗೆ ಸಿಗುವುದಿಲ್ಲ. ‘ಆಟದಾಗೂ ನಮಗ ನೀರು ಬರಾಂಗಿಲ್ಲೇನಲೇ?’ ಅಂದ. ಮೂವರೂ ನಕ್ಕೆವು, ಆಮೇಲೆ ಯಾರೂ ಮಾತಾಡಲಿಲ್ಲ.

ಅವತ್ತು ಊರಿಂದ ಬಂದಿದ್ದ ದೊಡ್ಡಪ್ಪ ಹಿಂದೆ ನಿಂತು ನೋಡುತ್ತಿದ್ದರು. ಬೈಗುಳ ಬರುತ್ತದೆ ಎಂದುಕೊಂಡೆ. ಅವರು ಪರದೆಗೆ ಬೆರಳಿಟ್ಟು, ‘ಈ ತಿರುವಿನ್ಯಾಗ ಲೆವೆಲ್ ಹೋತು ನೋಡು. ನೆಟ್ಟಗ ತಂದಿದ್ರ ಕೊನೀತನಕ ಮುಟ್ಟತಿತ್ತು’ ಅಂದರು. ನಲವತ್ತು ವರ್ಷ ಕಾಲುವೆ ನೀರಿನಲ್ಲಿ ಭತ್ತ ಬೆಳೆದವರು ಅವರು. ಕೊನೆ ಭಾಗದ ರೈತರ ಹೋರಾಟದ ಸುದ್ದಿಯನ್ನು ಪತ್ರಿಕೆಯಲ್ಲಿ ನಾನು ಎಷ್ಟೋ ಸಲ ಓದಿ ಪುಟ ತಿರುವಿದ್ದೇನೆ. ಮೇಲಿನವನ ಅನುಕೂಲ ಕೆಳಗಿನವನ ಬರ ಹೇಗಾಗುತ್ತದೆಂದು ನನ್ನ ಕೈಯಾರೆ ಕಟ್ಟಿದ ಕಾಲುವೆ ತೋರಿಸಿದಷ್ಟು ಯಾವ ಸುದ್ದಿಯೂ ತೋರಿಸಿರಲಿಲ್ಲ.

ಇನ್ನೊಂದು ಕೊರತೆಯೂ ಕಂಡಿತು. ಈ ಆಟದಲ್ಲಿ ಬೆಳೆ ಎರಡೇ, ಗೋಧಿ ಮತ್ತು ಹತ್ತಿ. ಭತ್ತವಿಲ್ಲ, ಜೋಳವಿಲ್ಲ. ರಾಯಚೂರು ಜಿಲ್ಲೆಯವರು ಜೋಳವಿಲ್ಲದ ಪ್ರಪಂಚದಲ್ಲಿ ಎಷ್ಟು ದಿನ ಇರಲಾದೀತು? ಲುವಾಂಟಿಯಲ್ಲಿ ಹೊಸ ವಸ್ತು ಸೇರಿಸಲು ಲುವಾ ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಸಾಕು. ಬೆಳೆಯ ಹೆಸರು, ಎಷ್ಟು ಹಂತದಲ್ಲಿ ಬೆಳೆಯಬೇಕು, ಎಷ್ಟು ಬೆಳಕು ಬೇಕು, ಪ್ರತಿ ಹಂತಕ್ಕೊಂದು ಚಿತ್ರ. ಹತ್ತು ಹನ್ನೆರಡು ಸಾಲಿನ ಕೆಲಸ. ನಾನು ಬಿ.ಎ. ಓದಿದವನು, ಕಂಪ್ಯೂಟರ್ ಎಂದರೆ ಟೈಪಿಂಗ್ ಎಂದುಕೊಂಡವನು. ಮೂರು ರಾತ್ರಿ ತಿಣುಕಿದ ಮೇಲೆ ನನ್ನ ಹೊಲದಲ್ಲಿ ತೆನೆ ಮೂಡಿತು.

ಹೆಸರನ್ನು ಕನ್ನಡದಲ್ಲಿ ಬರೆದಾಗ ಮಾತ್ರ ಅಕ್ಷರ ಚೆದುರಿತು. ಒತ್ತಕ್ಷರ, ದೀರ್ಘಗಳನ್ನು ಕೂಡಿಸಿ ತೋರಿಸುವ ವ್ಯವಸ್ಥೆ ಈ ಆಟದ ಎಂಜಿನ್‌ನಲ್ಲಿಲ್ಲ. ‘ಹಟ್ಟಿ’ ಎಂದು ಬೋರ್ಡ್ ಹಾಕಿದರೆ ಟ ಬೇರೆ, ಒತ್ತು ಬೇರೆ. ಹುಡುಕಿ ನೋಡಿದರೆ ಆಟದ ಮೆನುಗಳನ್ನು ಯಾರೋ ಪುಣ್ಯಾತ್ಮರು ಆಗಲೇ ಅಷ್ಟಿಷ್ಟು ಕನ್ನಡಕ್ಕೆ ತಂದಿದ್ದಾರೆ. ಅಕ್ಷರ ಸರಿಯಾಗಿ ಮೂಡದ ಕಾರಣ ನನ್ನಲ್ಲಿರುವ ಆವೃತ್ತಿಯ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಕೊಟ್ಟೇ ಇಲ್ಲ.

‘ಇದರಿಂದ ನೌಕರಿ ಸಿಗ್ತದೇನು?’ ಅಮ್ಮ ಕೇಳುವುದು ಇದನ್ನೇ. ‘ಅದರಾಗ ಇಟ್ಟಂಗಿ ಇಟ್ಟಿದ್ದು ಸಾಕು, ಮನಿ ಹಿಂದಿನ ಗ್ವಾಡಿ ಬಿದ್ದು ಎರಡು ವರ್ಷ ಆತು’ ಎನ್ನುತ್ತಾಳೆ. ಎರಡನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಮೊದಲನೆಯದಕ್ಕೆ ಪ್ರಾಮಾಣಿಕ ಉತ್ತರ, ಇದರಿಂದಲೇ ಸಿಗುವುದಿಲ್ಲ. ಗೇಮಿಂಗ್, ಅನಿಮೇಷನ್ ಉದ್ಯಮಕ್ಕೆಂದು ರಾಜ್ಯ ಸರ್ಕಾರ 2024ರಿಂದ 29ರವರೆಗಿನ ನೀತಿ ತಂದಿದೆ ನಿಜ. ಆದರೆ ಗೇಮ್ ಆಡಿ ಲಕ್ಷ ಗಳಿಸಿ ಎಂದು ಯೂಟ್ಯೂಬ್‌ನಲ್ಲಿ ಕೂಗುವವರನ್ನು ನಾನು ಬೆಟ್ಟಿಂಗ್ ಏಜೆಂಟರ ಪಕ್ಕದಲ್ಲೇ ಕೂರಿಸುತ್ತೇನೆ. ಓದಿನ ಹೊತ್ತನ್ನು ನುಂಗುವ ಶಕ್ತಿ ಈ ಆಟಕ್ಕೂ ಇದೆ. ನಮ್ಮದು ರವಿವಾರದ ಮೂರು ತಾಸು, ಮಿಕ್ಕ ದಿನ ಊಟದ ನಂತರ ಒಂದು ತಾಸು.

ಆದರೆ ಉಪಯೋಗ ಎಂದರೆ ನೌಕರಿ ಒಂದೇ ಏಕಾಗಬೇಕು? ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಲ್ಲಿ ಮೈನ್‌ಕ್ರಾಫ್ಟ್ ಕಂಪನಿಯ ಜೊತೆ ಸೇರಿ ‘ಬ್ಲಾಕ್ ಬೈ ಬ್ಲಾಕ್’ ಎಂಬ ಯೋಜನೆ ಶುರು ಮಾಡಿತು. ನೈರೋಬಿಯ ಕಿಬೇರಾ ಕೊಳೆಗೇರಿಯಲ್ಲಿ, ನೇಪಾಳದ ಕೀರ್ತಿಪುರದ ಹಳೆಯ ಕೊಳದ ಸುತ್ತ, ತಮ್ಮ ಜಾಗ ಹೇಗಿರಬೇಕೆಂದು ಅಲ್ಲಿನ ಜನರೇ ಆಟದೊಳಗೆ ಕಟ್ಟಿ ತೋರಿಸಿದರು. ನಕ್ಷೆ ಓದಲು ಬಾರದವರೂ ಬ್ಲಾಕ್ ಜೋಡಿಸಿ ಇಲ್ಲಿ ಮೆಟ್ಟಿಲು, ಇಲ್ಲಿ ದೀಪ ಎಂದು ಹೇಳಬಹುದು. ನಮ್ಮ ಊರುಗಳ ಬಸ್ ನಿಲ್ದಾಣ, ಕೆರೆ, ಕಾಲೇಜಿನ ಮೈದಾನದ ಬಗ್ಗೆ ನಮ್ಮ ವಯಸ್ಸಿನವರನ್ನು ಯಾರಾದರೂ ಒಮ್ಮೆಯಾದರೂ ಕೇಳಿದ್ದಾರೆಯೇ? ಕಾಲೇಜುಗಳ ಕಂಪ್ಯೂಟರ್ ಲ್ಯಾಬ್ ಸಂಜೆ ನಾಲ್ಕಕ್ಕೆ ಬೀಗ ಹಾಕಿಕೊಳ್ಳುತ್ತದೆ. ವಾರಕ್ಕೊಂದು ಸಂಜೆ ಆ ಬೀಗ ತೆಗೆದರೆ ಇಂಥ ಕೆಲಸಕ್ಕೆ ಒಂದು ಪೈಸೆ ಖರ್ಚಿಲ್ಲ.

ನಮ್ಮ ಕಾಲುವೆಯನ್ನು ಮೊದಲಿಂದ ತೋಡುತ್ತಿದ್ದೇವೆ. ಈ ಸಲ ಅಳತೆ ಮಸ್ಕಿಯ ಹೊಲದಿಂದ ಶುರುವಾಗಿ ಹೊಳೆಯ ಕಡೆಗೆ ಬರುತ್ತಿದೆ. ನನ್ನ ಹೊಲದ ಎರಡು ಸುತ್ತು ಹೋದವು, ಜೋಳದ ಒಂದು ಪಟ್ಟಿಯೂ ಹೋಯಿತು. ಆ ಒತ್ತಕ್ಷರದ ತೊಡಕು ಮಾತ್ರ ನಮ್ಮ ಮೂವರ ಕೈಗೆ ಮೀರಿದ್ದು. ಸಿ++ ಬಲ್ಲ ಎಂಜಿನಿಯರಿಂಗ್ ಗೆಳೆಯರು ಯಾರಾದರೂ ಇದನ್ನು ಓದುತ್ತಿದ್ದರೆ, ಸೋರ್ಸ್ ಕೋಡ್ ಎಲ್ಲರಿಗೂ ತೆರೆದೇ ಇದೆ.