ಹಿಂದಿನ ಚಕ್ರದ ನಟ್ ಸರಿಯಾಗಿ ಬಿಗಿಯಾಗಿದೆಯೇ?

ಬೈಕಿನ ಹಿಂದಿನ ಚಕ್ರ ಪಂಕ್ಚರ್ ಆದರೆ ಮನೆಯವರು ಅಂಗಡಿಗೆ ತಳ್ಳಿಕೊಂಡು ಹೋಗುತ್ತಾರೆ. ಕೆಲಸ ಮುಗಿದ ಮೇಲೆ ಟೈರ್ ಒತ್ತಿ ಗಾಳಿ ನೋಡಿ, ಹಣ ಕೊಟ್ಟು ಬರುತ್ತಾರೆ. ಮರುದಿನ ಅದೇ ಬೈಕಿನಲ್ಲಿ ಮಗುವಿನೊಂದಿಗೆ ಹಿಂದೆ ಕೂರುವವರು ನೀವು. ಟ್ಯೂಬ್ ಇರುವ ಟೈರಿನ ಪಂಕ್ಚರ್ ಹಾಕುವಾಗ ಸಾಮಾನ್ಯವಾಗಿ ಚಕ್ರವನ್ನೇ ಬಿಚ್ಚಿ ಮತ್ತೆ ಜೋಡಿಸುತ್ತಾರೆ ಎಂಬುದು ನಿಮಗೆ ಗೊತ್ತೇ?

ಚಕ್ರದ ನಡುವೆ ಹಾದುಹೋಗುವ ಕಬ್ಬಿಣದ ಸರಳಿಗೆ ಆಕ್ಸಲ್ ಎನ್ನುತ್ತಾರೆ. ಅದರ ತುದಿಯಲ್ಲಿರುವ ದೊಡ್ಡ ನಟ್ ಚಕ್ರವನ್ನು ಅದರ ಜಾಗದಲ್ಲಿ ಹಿಡಿದಿಡುತ್ತದೆ. ಅದು ಸಡಿಲವಾದರೆ ಚಕ್ರ ಓರೆಯಾಗುತ್ತದೆ, ಚೈನ್ ಕಳಚಿಕೊಳ್ಳಬಹುದು. ಹಾಗೆಂದು ಸ್ಪ್ಯಾನರಿಗೆ ಉದ್ದನೆಯ ಪೈಪ್ ಸಿಕ್ಕಿಸಿ ಬಲವೆಲ್ಲ ಹಾಕಿ ತಿರುಗಿಸುವುದೂ ತಪ್ಪು. ಥ್ರೆಡ್ ಹಾಳಾದರೆ ನಟ್ ಹಿಡಿತವನ್ನೇ ಕಳೆದುಕೊಳ್ಳುತ್ತದೆ.

ಹಾಗಾದರೆ ಎಷ್ಟು ಬಿಗಿ ಮಾಡಬೇಕು? ಅದನ್ನು ಬೈಕಿನ ಕಂಪೆನಿಯೇ ನ್ಯೂಟನ್ ಮೀಟರ್ ಲೆಕ್ಕದಲ್ಲಿ ಗೊತ್ತುಪಡಿಸಿರುತ್ತದೆ. 25 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 20 ಕಿಲೋ ಭಾರದಷ್ಟು ಒತ್ತಿದರೆ ಸುಮಾರು 50 ನ್ಯೂಟನ್ ಮೀಟರ್ ಆಗುತ್ತದೆ. ಇದು ಅಂದಾಜಿಗೆ ಮಾತ್ರ. ನಿಮ್ಮ ಬೈಕಿನ ಅಂಕಿಯನ್ನು ಸರ್ವಿಸ್ ಸೆಂಟರಿನಲ್ಲಿ ಕೇಳಬಹುದು. ಅಳತೆ ತೋರಿಸುವ ಟಾರ್ಕ್ ರೆಂಚ್ ಬಳಸಿದರೆ ಊಹೆಯ ಅಗತ್ಯವೇ ಇಲ್ಲ.

ಕೆಲಸದ ಕ್ರಮವೂ ಮುಖ್ಯ. ನಟ್ ಬಿಗಿ ಮಾಡುವ ಮೊದಲು ಚೈನ್ ಸರಿಪಡಿಸಬೇಕು. ಆಕ್ಸಲಿನ ಎರಡೂ ಬದಿಯಲ್ಲಿ ಗೆರೆಗಳಿರುತ್ತವೆ. ಎಡಬಲ ಎರಡೂ ಕಡೆ ಒಂದೇ ಗೆರೆಗೆ ನಿಂತರೆ ಚಕ್ರ ನೇರವಾಗಿದೆ ಎಂದರ್ಥ. ಚೈನಿನ ಕೆಳಭಾಗವನ್ನು ನಡುವಿನಲ್ಲಿ ಬೆರಳಿನಿಂದ ಎತ್ತಿದರೆ ಸಾಮಾನ್ಯ ಬೈಕುಗಳಲ್ಲಿ 20ರಿಂದ 30 ಮಿ.ಮೀ. ಆಡಬೇಕು. ನಿಖರ ಅಳತೆ ಬೈಕಿನೊಂದಿಗೆ ಕೊಟ್ಟ ಪುಸ್ತಕದಲ್ಲಿರುತ್ತದೆ. ನಟ್ ಬಿಗಿಯಾದ ಮೇಲೆ ಚೈನನ್ನು ಇನ್ನೊಮ್ಮೆ ನೋಡಬೇಕು. ಬಿಗಿ ಮಾಡುವಾಗ ಚಕ್ರ ಸ್ವಲ್ಪ ಸರಿಯುವುದುಂಟು.

ಗಾಡಿ ಮನೆಗೆ ಬಂದಾಗ ಇಷ್ಟನ್ನು ನೀವೇ ನೋಡಬಹುದು:

● ಕೆಲವು ಬೈಕುಗಳ ನಟ್ಟಿನಲ್ಲಿ ಸೀಳುಗಳಿದ್ದು, ಅಡ್ಡಲಾಗಿ ಸಣ್ಣ ಸ್ಪ್ಲಿಟ್ ಪಿನ್ ಇರುತ್ತದೆ. ನಟ್ ತಾನಾಗಿ ಬಿಚ್ಚಿಕೊಳ್ಳದಂತೆ ತಡೆಯುವುದು ಇದೇ. ಬಿಚ್ಚಿದಾಗಲೆಲ್ಲ ಹೊಸ ಪಿನ್ ಹಾಕಿಸಿ. ಅದರ ಬೆಲೆ ಅತ್ಯಲ್ಪ.

● ಪಿನ್ನಿನ ತೂತು ಸೀಳಿಗೆ ಸರಿಹೊಂದದಿದ್ದರೆ ನಟ್ಟನ್ನು ಸ್ವಲ್ಪ ಮುಂದಕ್ಕೆ ತಿರುಗಿಸಬೇಕೇ ಹೊರತು ಸಡಿಲಿಸಬಾರದು.

● ಡ್ರಮ್ ಬ್ರೇಕ್ ಇದ್ದರೆ, ಬ್ರೇಕಿನ ತಟ್ಟೆಯನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ಪಟ್ಟಿಯ ನಟ್ ಮರೆತುಹೋಗಿಲ್ಲವೇ ನೋಡಿ. ಅದು ಕಳಚಿದರೆ ಬ್ರೇಕ್ ಒತ್ತಿದಾಗ ಚಕ್ರ ಒಮ್ಮೆಲೇ ಲಾಕ್ ಆಗಬಹುದು.

● ಸೆಂಟರ್ ಸ್ಟ್ಯಾಂಡ್ ಹಾಕಿ, ಇಂಜಿನ್ ಬಂದ್ ಮಾಡಿ, ನ್ಯೂಟ್ರಲಿನಲ್ಲಿ ಚಕ್ರವನ್ನು ಕೈಯಿಂದ ತಿರುಗಿಸಿ. ಉಜ್ಜದೆ ತಿರುಗಬೇಕು; ಹಿಡಿದು ಅಡ್ಡಕ್ಕೆ ಅಲುಗಿಸಿದರೆ ಅಲುಗಬಾರದು. ಚೈನಿನ ಬಳಿ ಬೆರಳಿಡಬೇಡಿ. ಬ್ರೇಕ್ ಒತ್ತಿದರೆ ಚಕ್ರ ನಿಲ್ಲಬೇಕು.

● ಬಿಚ್ಚಿದ ಚೈನ್ ಕವರ್ ಮತ್ತು ಸೀರೆ ಗಾರ್ಡ್ ಮತ್ತೆ ಕೂತಿವೆಯೇ? ಬುರ್ಖಾ, ದುಪಟ್ಟಾ, ಸೀರೆಯ ಸೆರಗು ಚಕ್ರಕ್ಕೆ ಸಿಕ್ಕದಂತೆ ಕಾಯುವುದು ಇವೇ.

ಇವುಗಳಲ್ಲಿ ಒಂದು ತಪ್ಪಿದ್ದರೂ ಸರಿಪಡಿಸಿದ ಮೇಲೆಯೇ ಗಾಡಿ ಹತ್ತಿ. "ಇದು ಹೆಂಗಸರ ಕೆಲಸವೇ?" ಎಂದು ಯಾರಾದರೂ ಕೇಳಿಯಾರು. ಹಿಂದಿನ ಸೀಟಿನಲ್ಲಿ ಕೂರುವವರಿಗೆ ಹಿಂದಿನ ಚಕ್ರದ ಬಗ್ಗೆ ಕೇಳುವ ಹಕ್ಕು ಇದ್ದೇ ಇದೆ. ಹೊರಡುವ ಮುನ್ನ ಐದು ನಿಮಿಷ ಬಗ್ಗಿ ನೋಡಿ.